ಹದಿಮೂರು, ಹದಿನಾಲ್ಕು

ತಲಶ್ಶೇರಿ ಕೋರ್ಟಿನಿಂದ ಹೊರಟ ಸಮನ್ಸು
ಬೆಂಗ್ರೆ ಮುಟ್ಟಲು ಏಳು ತಿಂಗಳು ಹಿಡಿಯಿತು.
ರೈಲಿನಲ್ಲಾದರೆ ಮೂರು ಗಂಟೆ.
ಮೊದಲ ಸಲ ಅಮೀನ ಪೂವಪ್ಪ ಹಿಂಬದಿಗೆ ಬರೆದ: ಮನೆಗೆ ಬೀಗ.
ಎರಡನೇ ಸಲ: ಈ ಹೆಸರಿನವರು ಮೂರು ಮಂದಿ, ಯಾರೆಂದು ತಿಳಿಸುವುದು.
ಮೂರನೇ ಸಲ ಫೆರಿ ಇಳಿದು,
ಬಲೆ ಒಣಹಾಕಿದ ಹೊಯಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು
ನೆಬಿಸಾಳ ಕೈಗೇ ಕೊಟ್ಟ.
ಅವಳು ಅಡಿಮೇಲು ಹಿಡಿದುಕೊಂಡು
"ರೇಷನ್ ಕಾರ್ಡಿನದ್ದಾ?" ಎಂದಳಂತೆ.

ಮಲಯಾಳದ ಉರುಟು ಅಕ್ಷರ,
ಅದಕ್ಕೆ ಪಿನ್ನು ಚುಚ್ಚಿದ ಇಂಗ್ಲಿಷ್ ತರ್ಜುಮೆ,
ಆ ಕೋರ್ಟಿನ ಸೀಲಿನ ಮೇಲೆ ಅರ್ಧ ಹತ್ತಿ ಕೂತ ನಮ್ಮ ಕೋರ್ಟಿನ ಸೀಲು,
ಬಸ್ಸಿನಲ್ಲಿ ಸರಿಯದೆ ಕೂತವರ ಹಾಗೆ.

ಎಪ್ಪತ್ತೊಂದು ವಯಸ್ಸು, ಎರಡೂ ಮಂಡಿ ಹೋಗಿವೆ,
ಗಡಿ ದಾಟಿಸಿ ಕರೆಸಲಿಕ್ಕಾಗುವುದಿಲ್ಲ.
ಹಾಗಾಗಿ ಕೋರ್ಟೇ ಕಮಿಷನ್ನಾಗಿ ಅವಳ ಬಳಿಗೆ ಬಂತು:
ಕರಂಗಲ್ಪಾಡಿಯ ಮಾಳಿಗೆಯಲ್ಲೊಂದು ಕೋಣೆ,
ಕಮಿಷನರಾಗಿ ಸೆವ್ರಿನ್ ಡೇಸಾ ವಕೀಲರು,
ಟೈಪಿಗೆ ನಾನು,
ಪ್ರಶ್ನೆ ಕೇಳಲು ತಲಶ್ಶೇರಿಯಿಂದ ಬೆಳಗಿನ ಗಾಡಿ ಹಿಡಿದು ಬಂದ
ಪ್ರಜೀಶ್ ಎಂಬ ಹುಡುಗ ವಕೀಲ.

ಅವ ಮಲಯಾಳದಲ್ಲಿ ಕೇಳುವುದು,
ಅವಳು ಬ್ಯಾರಿಯಲ್ಲಿ ಹೇಳುವುದು,
ಬಂದರಿನಲ್ಲಿ ಬೆಳೆದ ಡೇಸಾ ಅದನ್ನು ಕನ್ನಡಕ್ಕೆ ತಂದು ನನ್ನ ಕಿವಿಗೆ ಹಾಕುವುದು,
ನಾನು ಇಂಗ್ಲಿಷಿನಲ್ಲಿ ಕುಟ್ಟುವುದು.
ನಾಲ್ಕು ಕಡವು ದಾಟಿ ಕಾಗದಕ್ಕಿಳಿದ ಮಾತು
ಒದ್ದೆಯೋ ಒಣಗಿದ್ದೋ
ನನಗಂತೂ ತಿಳಿಯುತ್ತಿರಲಿಲ್ಲ.

ದಾವೆ ದೊಡ್ಡದಲ್ಲ.
ದೋಣಿ ಕಟ್ಟುವ ಆಚಾರಿ ಪುತ್ತುಬಾವ ತೀರಿಕೊಂಡ.
ಅಲ್ಲೊಂದು ಮನೆ, ಅರ್ಧ ಕಟ್ಟಿದ ಒಂದು ದೋಣಿ,
ಅಲ್ಲಿಯ ಹೆಂಡತಿ ಸುಹರಾ, ಮಕ್ಕಳಿಬ್ಬರು.
ಇಲ್ಲಿಯವಳು ಇನ್ನೂ ಹೆಂಡತಿಯೇ ಆದರೆ
ಎಂಟರಲ್ಲೊಂದು ಪಾಲಿನ ಅರ್ಧ ಇವಳದ್ದು.
ಡೇಸಾ ಮೊದಲೇ ಬಿಡಿಸಿ ಹೇಳಿದ್ದರು.
ನೆಬಿಸಾ ಬೆರಳಲ್ಲಿ ಲೆಕ್ಕ ಹಾಕಿ
"ದೋಣಿಯ ಯಾವ ಹಲಗೆ?" ಎಂದು ನಕ್ಕಿದ್ದಳು.

ಹದಿಮೂರನೇ ಪ್ರಶ್ನೆ. ನಿಶಾನಿ ಆರು, ಒಂದು ಫೋಟೋ.
ಇದರಲ್ಲಿರುವವರನ್ನು ಗುರುತಿಸುತ್ತೀರಾ?
ಕನ್ನಡಕ ಇಲ್ಲ. ಫೋಟೋ ದೂರ ಹಿಡಿದಳು, ಹತ್ತಿರ ತಂದಳು,
ಕಿಟಕಿಯ ಕಡೆ ತಿರುಗಿದಳು.
ಮೂವತ್ತೊಂದು ವರ್ಷ.
"ಅವರೇ," ಎಂದಳು.
ಟೈಪು ಮಾಡಿದೆ.
ಆಮೇಲೆ, ಯಾರಿಗೆಂದಿಲ್ಲದೆ:
"ಇಷ್ಟು ಸಪೂರ ಆದದ್ದು ಯಾವಾಗ?"

ಸಾಕ್ಷಿ ಪ್ರಶ್ನೆ ಕೇಳುವ ಹಾಗಿಲ್ಲ.
ಹುಡುಗ ಕಡತ ಮಗುಚಿದ, ಪೆನ್ನಿನ ಮುಚ್ಚಳ ತೆಗೆದ, ಹಾಕಿದ.
ಮತ್ತೆ ಮೆತ್ತಗೆ: ಎರಡು ವರ್ಷ ಆಯಿತು ಉಮ್ಮಾ. ಸಕ್ಕರೆ.
ಕೊನೆಗೆ ಒಂದು ಕಾಲು ತೆಗೆದರು.
"ನೋಡಿಕೊಂಡದ್ದು ಯಾರು?"
ಅವರೇ. ಸುಹರಾ ಇತ್ತಾ.
ಎಲ್ಲ ಒಬ್ಬರೇ.
ನನ್ನ ಬೆರಳು ಕೀಲಿಗಳ ಮೇಲೆ ನಿಂತೇ ಇತ್ತು.
ಈಗ ಸಾಕ್ಷಿ ಯಾರು?
ಡೇಸಾ ಕಿಟಕಿಯಾಚೆ
ರಿಕ್ಷಾಗಳನ್ನು ಎಣಿಸುತ್ತಿದ್ದರು.

ಅವಳು ಫೋಟೋ ಬೋರಲು ಇಟ್ಟಳು, ಮೇಜಿನ ಮೇಲೆ ದೂಡಿದಳು.
"ಕೇಳು ಮಗಾ, ಕೇಳಬೇಕಾದ್ದು."

ಹದಿನಾಲ್ಕು. ಅವರು ನಿಮಗೆ ತಲಾಖ್ ಕೊಟ್ಟಿದ್ದರೇ?

"ಬರೆದುಕೊಳ್ಳಿ, ಕೊಟ್ಟಿದ್ದರು ಅಂತ."
ಯಾವಾಗ? "ಹೋಗುವ ದಿನ."
ಯಾರ ಎದುರು? "ಎದುರಿದ್ದವರೆಲ್ಲ ಸತ್ತರು."

ನಿಜವೋ ಏನೋ.
ಸಾಕ್ಷಿಯ ನಡವಳಿಕೆ ಎಂಬಲ್ಲಿ ಡೇಸಾ "ಸಹಜ" ಎಂದರು,
ಹಾಗೆಯೇ ಕುಟ್ಟಿದೆ.
ಓದಿ ಹೇಳಿದೆವು, ಹೆಬ್ಬೆಟ್ಟು ಒತ್ತಿಸಿದೆವು,
ಬತ್ತೆಯ ಇನ್ನೂರೈವತ್ತಕ್ಕೆ ಇನ್ನೊಂದು ಹೆಬ್ಬೆಟ್ಟು.
ನೋಟನ್ನು ಬೆಳಕಿಗೆ ಹಿಡಿದು ನೋಡಿ
"ಫೆರಿಗೆ ಚಿಲ್ಲರೆ ಬೇಕು," ಎಂದಳು.
ಅಡ್ಡ ತಿರುಗಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು
ಇಳಿದು ಹೋದಳು.

ಅರಗಿನ ಮುದ್ರೆ ಬಿದ್ದ ಲಕೋಟೆ
ಅದೇ ವಾರ ನೇತ್ರಾವತಿ ದಾಟಿತು, ತಲಪಾಡಿ ದಾಟಿತು.
ಅದರ ಮೂರನೇ ಪುಟದಲ್ಲಿ
ಹದಿಮೂರಕ್ಕೂ ಹದಿನಾಲ್ಕಕ್ಕೂ ನಡುವೆ
ಎರಡು ಗೆರೆಯಷ್ಟು ಜಾಗ ಹೆಚ್ಚು ಬಿಟ್ಟಿದೆ.
ಅಲ್ಲಿ ಓದಿದವರು
ಟೈಪಿಸ್ಟನ ಕೈತಪ್ಪು ಅಂದುಕೊಂಡಿರಬೇಕು.